ಕರೆಂಟ್ ಇಲ್ಲದ ಕುದುರೆ ಟ್ರೇಲರ್‌ನಲ್ಲಿ ಬೆಚ್ಚಗೆ ಮಲಗುವುದು ಹೇಗೆ?

ಚಳಿಗಾಲ ಹತ್ತಿರ ಬಂತು. ಈ ಸಲ ಬಂದ ಕಾಗದಗಳೂ ಹೆಚ್ಚೂಕಡಿಮೆ ಅದರ ಬಗ್ಗೆಯೇ. ಅದರಲ್ಲೂ ಕೊಲೊರಾಡೊದಿಂದ ಬಂದ ಮೊದಲ ಪ್ರಶ್ನೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಉಳಿದವು ಅದರ ಸುತ್ತಮುತ್ತಲಿನವೇ.

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಅಮೆರಿಕದ ಕೊಲೊರಾಡೊದಲ್ಲಿದ್ದೇವೆ. ಮಗಳಿಗೆ ಕುದುರೆ ಹುಚ್ಚು. ಎರಡು ಕುದುರೆ ಹಿಡಿಯುವ ಹಳೇ ಅಲ್ಯೂಮಿನಿಯಂ ಟ್ರೇಲರ್ ಕೊಂಡಿದ್ದೇವೆ. ಮುಂಭಾಗದಲ್ಲಿ ಜೀನು, ಲಗಾಮು ಇಡುವ ಸಣ್ಣ ಕೋಣೆ ಇದೆ, ಇಲ್ಲಿ ಅದನ್ನು ಟ್ಯಾಕ್ ರೂಮ್ ಅನ್ನುತ್ತಾರೆ. ಅಕ್ಟೋಬರ್‌ನಲ್ಲಿ ಸುಮಾರು 9,000 ಅಡಿ ಎತ್ತರದ ಕ್ಯಾಂಪಿಗೆ ಹೋಗಿ, ಕುದುರೆಗಳನ್ನು ಹೊರಗೆ ಕಟ್ಟಿ, ನಾನೂ ಮಗಳೂ ಆ ಕೋಣೆಯಲ್ಲಿ ಮಲಗುವ ಯೋಚನೆ. ಅಲ್ಲಿ ಕರೆಂಟ್ ಇಲ್ಲ. ಸಣ್ಣ ಗ್ಯಾಸ್ ಹೀಟರ್ ಇದ್ದರೆ ಸಾಕು ಅಂತ ಜೊತೆಗೆ ಬರುವವರು ಹೇಳುತ್ತಾರೆ. ನಮ್ಮ ಮನೆಯವರು ಬೇಡವೇ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ. ಹೀಟರ್ ಒಯ್ಯಿರಿ, ಆದರೆ ಮಲಗುವ ಹೊತ್ತಿಗೆ ಅದು ಆರಿರಬೇಕು. ಸಂಜೆ ಬಟ್ಟೆ ಬದಲಾಯಿಸುವಾಗ, ಬೆಳಿಗ್ಗೆ ಎದ್ದ ಕೂಡಲೇ, ಅಂದರೆ ನಿಮಗೆ ಪೂರ್ತಿ ಎಚ್ಚರ ಇರುವಾಗ ಮಾತ್ರ ಅದರ ಕೆಲಸ. ರಾತ್ರಿ ಬೆಚ್ಚಗಿರಬೇಕಾದದ್ದು ನಿಮ್ಮ ಹಾಸಿಗೆ. ಟ್ರೇಲರ್ ತಣ್ಣಗೇ ಇರಲಿ ಬಿಡಿ.

ಅದನ್ನು ಬೆಚ್ಚಗಿಡುತ್ತೇನೆ ಅಂತ ಹೊರಟರೂ ಆಗುವ ಮಾತಲ್ಲ. ಕುದುರೆ ಟ್ರೇಲರ್ ಮಾಡಿರುವುದೇ ಕುದುರೆಗೆ ಗಾಳಿ ಆಡಲಿ ಅಂತ. ಗೋಡೆ ಅಂದರೆ ಬರೀ ಒಂದು ಪದರ ಅಲ್ಯೂಮಿನಿಯಂ ತಗಡು, ಅದು ಬಿಸಿಯನ್ನು ಹೊರಗೆ ಸಾಗಿಸುವುದರಲ್ಲಿ ಎತ್ತಿದ ಕೈ. ಚಾವಣಿಯಲ್ಲಿ ವೆಂಟ್, ಬಾಗಿಲ ಸುತ್ತ ಸಂದು, ನೆಲದಡಿ ಬಯಲು ಗಾಳಿ. ಹೀಟರ್ ಆರಿಸಿದ ಸ್ವಲ್ಪ ಹೊತ್ತಿಗೆಲ್ಲ ಒಳಗೂ ಹೊರಗೂ ಒಂದೇ ಚಳಿ. ಹಾಗಾಗಿ ಜನ ಏನು ಮಾಡುತ್ತಾರೆ ಅಂದರೆ ಸಂದುಗೊಂದಿಗೆಲ್ಲ ಟೇಪ್ ಹಚ್ಚಿ, ವೆಂಟಿಗೆ ಬಟ್ಟೆ ತುರುಕಿ, ಹೀಟರ್ ಉರಿಯುತ್ತಿರುವಾಗಲೇ ಮಲಗುತ್ತಾರೆ. ಸಾವು ಬರುವುದು ಅಲ್ಲಿಂದ.

ಬೆಂಕಿ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಮಾತ್ರ ಆಮ್ಲಜನಕ ಸಿಗುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು, ಲಕ್ಷಣ ಇಷ್ಟೇ. ನಿದ್ದೆಯಲ್ಲಿದ್ದವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಮನೆಗೆ ಬೆಂಕಿ ಬಿದ್ದು ಸತ್ತವರನ್ನು ಬಿಟ್ಟೂ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ. ನಿಮಗೆ ಇನ್ನೊಂದು ಗೊಂದಲ ಆಗಬಹುದು: ಎತ್ತರದ ಜಾಗಕ್ಕೆ ಹೋದ ಮೊದಲ ದಿನ ಎಷ್ಟೋ ಜನರಿಗೆ ಸ್ವಲ್ಪ ತಲೆ ನೋಯುತ್ತದೆ, ಕೆಲವರಿಗೆ ವಾಕರಿಕೆಯೂ ಬರುತ್ತದೆ. ಹೀಟರ್ ಉರಿಯುತ್ತಿರುವಾಗ ತಲೆ ನೋಯಲು ಶುರುವಾದರೆ ಇದು ಎತ್ತರದ್ದೇ ಇರಬೇಕು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮೊದಲು ಹೊರಗೆ ಬನ್ನಿ.

ಈ ಸಣ್ಣ ಪ್ರೊಪೇನ್ ಹೀಟರ್‌ಗಳಲ್ಲಿ ಸುರಕ್ಷತೆಯ ಸೆನ್ಸರ್ ಇರುತ್ತದೆ ಅಂತ ನಿಮ್ಮ ಜೊತೆಯವರು ಹೇಳಿಯೇ ಹೇಳುತ್ತಾರೆ. ಇರುತ್ತದೆ, ಸುಳ್ಳಲ್ಲ. ಉರುಳಿದರೆ ಆರುತ್ತದೆ, ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದರೂ ಆರುತ್ತದೆ. ಆದರೆ ಅದು ನೋಡುವುದು ಆಮ್ಲಜನಕವನ್ನು, ಕಾರ್ಬನ್ ಮೊನಾಕ್ಸೈಡನ್ನು ಅದು ಅಳೆಯುವುದಿಲ್ಲ. ಮೇಲಾಗಿ 7,000 ಅಡಿ ದಾಟಿದ ಮೇಲೆ ಅಲ್ಲಿನ ತೆಳು ಗಾಳಿಯಿಂದಾಗಿ ಇಂಥ ಹೀಟರ್ ಸುಮ್ಮಸುಮ್ಮನೆ ಆರುವುದುಂಟು. ನೀವು ಹೋಗುವುದು 9,000 ಅಡಿಗೆ. ಅದನ್ನೇ ನಂಬಿ ತೆಳ್ಳಗಿನ ಹೊದಿಕೆ ಒಯ್ದಿದ್ದರೆ ಮಧ್ಯರಾತ್ರಿ ಹಲ್ಲು ಕಡಿಯುತ್ತ ಕೂರಬೇಕಾಗುತ್ತದೆ.

ನೀರಿನ ಕಾಟವೂ ಇದೆ. ಒಂದು ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಲೀಟರ್‌ಗಿಂತ ಹೆಚ್ಚು ನೀರು ಹಬೆಯಾಗಿ ಗಾಳಿಗೆ ಸೇರುತ್ತದೆ. ನಿಮ್ಮಿಬ್ಬರ ಉಸಿರಿನ ತೇವ ಬೇರೆ. ಎಲ್ಲವೂ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಹಾಸಿಗೆ ಮೇಲೆ ಬೀಳುತ್ತದೆ. ಒದ್ದೆ ಹಾಸಿಗೆ ಅಂದರೆ ಚಳಿ ಎರಡರಷ್ಟು. ಆದ್ದರಿಂದ ಹೀಟರ್ ಆರಿದ್ದರೂ ಚಾವಣಿ ವೆಂಟ್ ಸ್ವಲ್ಪ ತೆರೆದೇ ಇರಲಿ.

ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಳ್ಳಿ, ಬ್ಯಾಟರಿಯದ್ದು. ಹೊಗೆ ಅಲಾರಂ ಬೇರೆ, ಇದು ಬೇರೆ, ಕೊಳ್ಳುವಾಗ ನೋಡಿಕೊಳ್ಳಿ. ಈ ಅನಿಲ ಹೆಚ್ಚೂಕಡಿಮೆ ಗಾಳಿಯಷ್ಟೇ ತೂಕ, ಎಲ್ಲ ಕಡೆ ಬೆರೆತಿರುತ್ತದೆ, ಹಾಗಾಗಿ ಅಲಾರಂ ದಿಂಬಿನ ಹತ್ತಿರ, ಮೂಗಿನ ಮಟ್ಟದಲ್ಲಿದ್ದರೆ ಸಾಕು. ಸೋರಿದ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಅದು ನೆಲದಲ್ಲಿ ಕೂರುತ್ತದೆ, ಅದರ ಅಲಾರಂ ಕೆಳಗಿರಬೇಕು. ಹಾಂ, ಅಲಾರಂ ಇದೆಯಲ್ಲ ಅಂತ ಹೀಟರ್ ಉರಿಸಿ ಮಲಗುವ ಹಾಗಿಲ್ಲ. ಅಮೆರಿಕದ ಮಾನದಂಡದ ಪ್ರಕಾರ ಗಾಳಿಯಲ್ಲಿ ಈ ಅನಿಲ 400 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು) ಇದ್ದರೆ ಅಲಾರಂ 4ರಿಂದ 15 ನಿಮಿಷದೊಳಗೆ ಕೂಗುತ್ತದೆ, 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆ ಕಾಯುತ್ತದೆ. ಅದರ ಸೆನ್ಸರ್‌ಗೂ ಆಯಸ್ಸು ಇದೆ, ಹಿಂದೆ ಬರೆದ ತಾರೀಕು ನೋಡಿ. ಕೂಗಿದರೆ ಕಿಟಕಿ ತೆಗೆದು ಮತ್ತೆ ಮಲಗುವುದಲ್ಲ. ಮಗಳನ್ನು ಎಬ್ಬಿಸಿ ಇಬ್ಬರೂ ಹೊರಗೆ ಬಂದು ಅಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಬೇಕು. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ, ಅದಕ್ಕೇ ಪಕ್ಕದ ಕ್ಯಾಂಪಿನವರ ಪರಿಚಯ ಮೊದಲೇ ಮಾಡಿಕೊಂಡಿರಿ.

ಈಗ ಬಾಗಿಲು. ಇದನ್ನು ಯಾರೂ ಯೋಚಿಸುವುದೇ ಇಲ್ಲ, ನನಗೆ ಹೀಟರ್‌ಗಿಂತ ಹೆಚ್ಚು ಹೆದರಿಕೆ ಇದರದ್ದೇ. ಟ್ಯಾಕ್ ರೂಮ್ ಜನ ಮಲಗಲು ಮಾಡಿದ್ದಲ್ಲ, ಜೀನು ಕಳುವಾಗದಿರಲಿ ಅಂತ ಮಾಡಿದ್ದು. ಎಷ್ಟೋ ಹಳೇ ಟ್ರೇಲರ್‌ಗಳಲ್ಲಿ ಆ ಬಾಗಿಲಿಗೆ ಒಳಗಿಂದ ತೆರೆಯುವ ಹಿಡಿಯೇ ಇರುವುದಿಲ್ಲ. ಹಿಂದಿನ ಕುದುರೆ ಬಾಗಿಲಂತೂ ಹೊರಗಿನಿಂದಲೇ ಚಿಲಕ. ಗಾಳಿಗೆ ಬಾಗಿಲು ಬಡಿದು ಚಿಲಕ ಬಿದ್ದರೆ, ಅಥವಾ ಒಳ್ಳೆಯದಾಗಲಿ ಅಂತ ಯಾರೋ ಹೊರಗಿಂದ ಹಾಕಿ ಹೋದರೆ, ನೀವು ಒಳಗೆ ಸೆರೆ. ಹೊರಡುವ ಮುಂಚೆ ಮನೆ ಅಂಗಳದಲ್ಲೇ, ಹಗಲಲ್ಲಿ, ಮಗಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿ ತೆಗೆಯಲು ಹೇಳಿ. ಆಮೇಲೆ ಅದನ್ನೇ ದೀಪ ಇಲ್ಲದೆ, ಕೈಗವಸು ಹಾಕಿಕೊಂಡು ಮಾಡಿಸಿ. ಆಗದಿದ್ದರೆ ಟ್ರೇಲರ್ ರಿಪೇರಿಯವರಲ್ಲಿ ಒಳಗಿನಿಂದಲೂ ತೆರೆಯುವ ಚಿಲಕ ಹಾಕಿಸಿ. ಅದಾಗುವ ತನಕ ಅಲ್ಲಿ ಮಲಗಬೇಡಿ, ಚಳಿ ಇರಲಿ ಬಿಡಲಿ. ಇನ್ನೊಂದು ದಾರಿ ಇದ್ದರೆ ಇನ್ನೂ ಒಳ್ಳೆಯದು, ಕುದುರೆಯ ಭಾಗಕ್ಕೆ ಹೋಗುವ ಒಳಬಾಗಿಲು ಕೆಲವದರಲ್ಲಿ ಇರುತ್ತದೆ. ಅದಕ್ಕೆ ಅಡ್ಡಲಾಗಿ ಸಾಮಾನು ಪೇರಿಸಬೇಡಿ. ಒಣಹುಲ್ಲು, ಮರದ ಹೊಟ್ಟು ಇವು ಒಳಗೆ ಇದ್ದರೆ ಹೀಟರ್ ಹಚ್ಚಲೇಬೇಡಿ, ಸಂಜೆಯೂ ಬೇಡ. ಸಿಲಿಂಡರ್ ಬದಲಾಯಿಸುವುದಿದ್ದರೆ ಹೊರಗೆ, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಮನೆ ಗ್ಯಾಸಿಗೆ ಮಾಡುವುದೇ ತಾನೇ.

ಇನ್ನು ಹಾಸಿಗೆ. ಜನ ಮೇಲೆ ಹೊದೆಯುವುದಕ್ಕೆ ದುಡ್ಡು ಸುರಿಯುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಮೈ ಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಅಡಿಭಾಗ ಚಪ್ಪಟೆಯಾಗಿಬಿಡುತ್ತದೆ, ಅಲ್ಲಿ ಬಿಸಿ ನಿಲ್ಲುವುದಿಲ್ಲ. ಅದರಲ್ಲೂ ಬರೀ ಗಾಳಿ ತುಂಬುವ ಹಾಸಿಗೆ ಚಳಿಗೆ ಅಷ್ಟಕ್ಕಷ್ಟೇ, ಒಳಗಿನ ಗಾಳಿ ಸುತ್ತಾಡುತ್ತ ಬಿಸಿಯನ್ನೆಲ್ಲ ತಳಕ್ಕೆ ಸಾಗಿಸುತ್ತದೆ. ಕ್ಯಾಂಪಿಂಗ್ ಹಾಸಿಗೆಗಳ ಮೇಲೆ ಬಿಸಿ ತಳಕ್ಕೆ ಹೋಗದಂತೆ ಎಷ್ಟು ತಡೆಯುತ್ತದೆ ಅಂತ ಹೇಳುವ ಆರ್-ವ್ಯಾಲ್ಯೂ ಅನ್ನುವ ಸಂಖ್ಯೆ ಬರೆದಿರುತ್ತಾರೆ, ನಿಮಗೆ ಒಟ್ಟು 5ಕ್ಕಿಂತ ಮೇಲೆ ಬೇಕು. ಎರಡು ಹಾಸಿಗೆ ಒಂದರ ಮೇಲೊಂದು ಹಾಕಿದರೆ ಸಂಖ್ಯೆ ಕೂಡುತ್ತದೆ. ಸುಮಾರು 2 ಇರುವ ಅಗ್ಗದ ಫೋಮ್ ಮ್ಯಾಟ್ ಕೆಳಗೆ, ಒಳ್ಳೆಯ ಪ್ಯಾಡ್ ಮೇಲೆ, ಆಯಿತು. ನೆಲದ ರಬ್ಬರ್ ಮ್ಯಾಟ್ ಸ್ವಲ್ಪ ತಡೆಯುತ್ತದೆ, ಅದನ್ನೇ ನೆಚ್ಚಿಕೊಳ್ಳಬೇಡಿ. ಊರಿಂದ ತಂದ ಕುರುಬರ ಕಂಬಳಿ ಇದ್ದರೆ ಅದನ್ನೂ ಅಡಿಗೇ ಹಾಸಿ. ಒಣಗಿದ ಜೀನು ಕಂಬಳಿ ಕೂಡ ಆಗುತ್ತದೆ, ವಾಸನೆ ಸಹಿಸುವ ಶಕ್ತಿ ಇದ್ದರೆ. ಬೆವರಿಗೆ ಒದ್ದೆಯಾದದ್ದು ಬೇಡ.

ಸ್ಲೀಪಿಂಗ್ ಬ್ಯಾಗಿನ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ನಂಬಿ ಮೋಸ ಹೋಗಬೇಡಿ. 20 ಡಿಗ್ರಿ ಬ್ಯಾಗ್ ಅಂದರೆ ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕಕ್ಕೆ ಮೈನಸ್ 7. ಅದು ಹೆಚ್ಚಾಗಿ ಕಂಫರ್ಟ್ ಮಟ್ಟ ಆಗಿರುವುದಿಲ್ಲ, ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಒಳಗಿನ ಚೀಟಿಯಲ್ಲಿ ಕಂಫರ್ಟ್ ಅಂತ ಬೇರೆಯೇ ಬರೆದಿರುತ್ತದೆ, ಅದನ್ನು ನೋಡಿ ಕೊಳ್ಳಿ. ಆ ಎತ್ತರದಲ್ಲಿ ಅಕ್ಟೋಬರ್ ರಾತ್ರಿ ಮೈನಸ್ 5, ಮೈನಸ್ 8 ಆಗುವುದು ದೊಡ್ಡ ವಿಷಯವಲ್ಲ. ಅಷ್ಟಕ್ಕೆ ಸಾಲುವ ಬ್ಯಾಗಿಗೆ ಬೆಲೆ ಜಾಸ್ತಿಯಾದರೆ ಇರುವ ಬ್ಯಾಗಿನ ಮೇಲೆ ಮನೆಯ ರಜಾಯಿ ಹೊದೆಯಿರಿ, ಹೇಗೂ ಬೆನ್ನ ಮೇಲೆ ಹೊತ್ತು ಹೋಗುವುದಿಲ್ಲವಲ್ಲ.

ಮಲಗುವ ಮುಂಚೆ ಹೊರಗಿನ ಸ್ಟೋವಿನಲ್ಲಿ ನೀರು ಕಾಯಿಸಿ, ಬಿಸಿ ತಡೆಯುವ ದಪ್ಪ ಬಾಟಲಿಗೆ ತುಂಬಿ, ಕಾಲುಚೀಲದೊಳಗೆ ತೂರಿಸಿ ತೊಡೆಗಳ ನಡುವೆ ಇಟ್ಟುಕೊಳ್ಳಿ. 9,000 ಅಡಿಯಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಅದರಲ್ಲಿ ಒಂದು ಲೀಟರ್ ಮೈ ಬಿಸಿಯ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಕೊಡುವ ಬಿಸಿ, ಬ್ಯಾಟರಿಯ ಬಿಸಿ ಕಂಬಳಿ ಒಂದು ಗಂಟೆಗೂ ಹೆಚ್ಚು ಹೊತ್ತು ಕೊಡುವಷ್ಟು. ಹೊಗೆ ಇಲ್ಲ, ಬೆಂಕಿ ಇಲ್ಲ, ದುಡ್ಡೂ ಇಲ್ಲ. ರಬ್ಬರಿನ ಬಿಸಿನೀರ ಚೀಲವಾದರೆ ಕುದಿಯುವ ನೀರು ಹಾಕಬೇಡಿ, ಮುಕ್ಕಾಲಿಗಿಂತ ಜಾಸ್ತಿ ತುಂಬಲೂ ಬೇಡಿ.

ಉಳಿದದ್ದು ಚಿಕ್ಕಪುಟ್ಟದ್ದು. ಹಗಲು ಹಾಕಿದ ಬಟ್ಟೆ ಪೂರ್ತಿ ಬಿಚ್ಚಿ ಒಣಗಿದ್ದು ಹಾಕಿಕೊಳ್ಳಿ, ಹತ್ತಿ ಬೇಡ, ಉಣ್ಣೆಯದ್ದು. ಮಂಕಿ ಕ್ಯಾಪ್ ಹಾಕಿಕೊಂಡರೆ ಮಗಳು ನಗುತ್ತಾಳೆ, ನಗಲಿ. ಮುಖ ಬ್ಯಾಗಿನೊಳಗೆ ಹುದುಗಿಸಬೇಡಿ, ಉಸಿರಿಗೆ ಬ್ಯಾಗ್ ಒದ್ದೆಯಾಗುತ್ತದೆ. ಮಲಗುವ ಮುಂಚೆ ಶೇಂಗಾ ಚಿಕ್ಕಿ, ತುಪ್ಪ ಹಾಕಿದ್ದು ಏನಾದರೂ ತಿನ್ನಿ. ಮೈ ಬೆಚ್ಚಗಾಗಲಿ ಅಂತ ಪೆಗ್ ಹಾಕುವುದು ಬೇಡ, ಬಿಸಿ ಚರ್ಮಕ್ಕೆ ಬಂದು ಹೊರಗೆ ಹೋಗುತ್ತದೆ, ಆಮೇಲೆ ಚಳಿ ಇನ್ನೂ ಜಾಸ್ತಿ. ಮೂತ್ರ ಬಂದರೆ ತಡೆಯದೆ ಎದ್ದು ಹೋಗಿ ಬನ್ನಿ.

ಪ್ರಶ್ನೆ: ಮಣ್ಣಿನ ಹೂಕುಂಡದ ಕೆಳಗೆ ನಾಲ್ಕು ಸಣ್ಣ ಮೇಣದಬತ್ತಿ ಹಚ್ಚಿದರೆ ಇಡೀ ಕೋಣೆ ಬಿಸಿಯಾಗುತ್ತದೆ ಅಂತ ವಿಡಿಯೋ ನೋಡಿದೆ. ಟ್ರೇಲರ್‌ನಲ್ಲಿ ನಡೆಯುತ್ತಾ?

ಉತ್ತರ: ನಡೆಯುವುದಿಲ್ಲ. ಆ ಪುಟ್ಟ ಬತ್ತಿ ಒಂದೊಂದೂ ಮೂವತ್ತು, ನಲವತ್ತು ವಾಟ್ ಕೊಟ್ಟರೆ ಹೆಚ್ಚು. ಕುಂಡ ಮುಚ್ಚಿದ ಮಾತ್ರಕ್ಕೆ ಅದು ಜಾಸ್ತಿಯಾಗುವುದಿಲ್ಲ, ಕುಂಡ ಮುಟ್ಟಿದರೆ ಬಿಸಿ ಅನಿಸುತ್ತದೆ ಅಷ್ಟೇ. ನಾಲ್ಕೂ ಬತ್ತಿ ಸೇರಿ ಒಬ್ಬರೋ ಇಬ್ಬರೋ ಸುಮ್ಮನೆ ಕೂತಿದ್ದಾಗ ಮೈಯಿಂದ ಹೊರಬರುವಷ್ಟು ಬಿಸಿ. ಕುಂಡದ ಬಿಸಿಗೆ ಮೇಣ ಪೂರ್ತಿ ಕರಗಿ ಒಟ್ಟಿಗೇ ಭಗ್ ಅಂತ ಹತ್ತಿಕೊಳ್ಳುವುದೂ ಇದೆ. ಹುಲ್ಲಿನ ಗಾಡಿಯಲ್ಲಿ ಈ ಆಟ ಬೇಡ.

ಪ್ರಶ್ನೆ: ನಾವು ಇಂಡಿಯಾನಾದಲ್ಲಿದ್ದೇವೆ. ಟ್ರೇಲರಿನ ಹಿಂದೆ ಕುದುರೆ ನಿಲ್ಲುವ ಭಾಗ ಖಾಲಿ ಇರುತ್ತದೆ. ಅಲ್ಲೇ ಸಣ್ಣ ಜನರೇಟರ್ ಇಟ್ಟು, ಹಿಂದಿನ ಬಾಗಿಲು ತೆರೆದಿಟ್ಟು, ಮುಂದೆ ಎಲೆಕ್ಟ್ರಿಕ್ ಹೀಟರ್ ಹಾಕಿಕೊಳ್ಳಬಹುದಾ? ಮಧ್ಯೆ ಗೋಡೆ ಇದೆ.

ಉತ್ತರ: ಖಂಡಿತ ಬೇಡ. ಆ ಗೋಡೆಯಲ್ಲಿ ವೈರ್ ಹೋಗುವ ತೂತಿದೆ, ಬಾಗಿಲ ಸಂದಿದೆ, ಗಾಳಿ ತಿರುಗಿದರೆ ಹಿಂದಿನ ಹೊಗೆ ನೇರ ಮುಂದೆ ಬರುತ್ತದೆ. ಜನರೇಟರ್ ಹೊರಗೆ, ಕಡೇ ಪಕ್ಷ 20 ಅಡಿ ದೂರ, ಅದರ ಹೊಗೆಯ ಬಾಯಿ ನಿಮ್ಮ ಕಡೆಗೂ ಬೇಡ, ಪಕ್ಕದವರ ಕಡೆಗೂ ಬೇಡ. ರಾತ್ರಿ ಜನರೇಟರ್ ಓಡಿಸಲು ಹೆಚ್ಚಿನ ಕ್ಯಾಂಪುಗಳಲ್ಲಿ ಬಿಡುವುದೂ ಇಲ್ಲ. ಸಂಜೆ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳಿ, ಅಷ್ಟಕ್ಕೆ ಅದು ಸರಿ.

ಪ್ರಶ್ನೆ: ಬ್ಯಾಟರಿಯಿಂದ ಬಿಸಿ ಕಂಬಳಿ, ಇಲ್ಲವೇ ಈಗ ಎಲ್ಲರೂ ಹಾಕಿಸುತ್ತಿರುವ ಡೀಸೆಲ್ ಹೀಟರ್, ಎರಡರಲ್ಲಿ ಯಾವುದು?

ಉತ್ತರ: ವರ್ಷಕ್ಕೆ ಒಂದೆರಡು ಸಲ ಹೋಗುವವರಿಗೆ ಕಂಬಳಿ. 12 ವೋಲ್ಟಿನ ಬಿಸಿ ಕಂಬಳಿ ಸುಮಾರು 50 ವಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ, ಎಂಟು ಗಂಟೆಗೆ 33 ಆಂಪ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ) ಆಯಿತು. 100 ಆಂಪ್-ಅವರ್‌ನ ಮಾಮೂಲಿ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಚಳಿಗೆ ಅದರ ಶಕ್ತಿ ಇನ್ನೂ ಕುಗ್ಗುತ್ತದೆ, ಅಂದರೆ ಒಂದು ಕಂಬಳಿ ಒಂದು ರಾತ್ರಿ ಅಷ್ಟೇ. ಅದೇ ಗಾತ್ರದ ಲಿಥಿಯಂ ಬ್ಯಾಟರಿಯಾದರೆ ಎರಡು ಕಂಬಳಿ ಎಳೆಯುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ನನ್ನನ್ನು ಕೇಳಿದರೆ ಮಲಗುವ ಮುಂಚೆ ಅರ್ಧ ಗಂಟೆ ಹಾಸಿಗೆ ಬಿಸಿ ಮಾಡಿ ಆರಿಸಿಬಿಡಿ, ಬೆಳಗಿನ ಜಾವ ಚಳಿಯಾದರೆ ಮತ್ತೆ ಹಾಕಿ. ಟ್ರಕ್ಕಿನ ಬ್ಯಾಟರಿಗೆ ಮಾತ್ರ ಸಿಕ್ಕಿಸಬೇಡಿ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ಲ.

ಡೀಸೆಲ್ ಹೀಟರ್ ಒಳ್ಳೆಯದೇ. ಅದು ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತದೆ, ಒಳಗೆ ಬರುವುದು ಒಣ ಬಿಸಿಗಾಳಿ ಮಾತ್ರ. ರಾತ್ರಿಯಿಡೀ ಓಡಿಸುವುದೇ ಆದರೆ ಇಂಥದ್ದೇ ಬೇಕು, ಇಲ್ಲವೇ ಹೀಗೇ ಹೊಗೆ ಹೊರಗೆ ಬಿಡುವ ಪ್ರೊಪೇನ್ ಫರ್ನೇಸ್. ಸ್ಟಾರ್ಟ್ ಆಗುವಾಗ ಕೆಲವು ನಿಮಿಷ 8ರಿಂದ 10 ಆಂಪ್ ಎಳೆಯುತ್ತದೆ, ಆಮೇಲೆ ಒಂದು ಆಂಪಿನ ಆಸುಪಾಸು. ಆರಿಸುವಾಗ ವೈರ್ ಕಿತ್ತುಬಿಡಬೇಡಿ, ಗುಂಡಿ ಒತ್ತಿ ಅದು ತಾನಾಗಿ ತಣ್ಣಗಾಗಿ ನಿಲ್ಲಲಿ. ತೊಂದರೆ ಎಲ್ಲಾ ಇರುವುದು ಫಿಟ್ಟಿಂಗಿನಲ್ಲಿ. ಹೊಗೆ ಕೊಳವೆಯನ್ನು ನೆಲದಡಿಯೇ ಬಿಟ್ಟರೆ ಹೊಗೆ ನೆಲದ ಸಂದಿನಲ್ಲಿ ಮೇಲೆ ಬರುತ್ತದೆ. ಅದನ್ನು ಟ್ರೇಲರಿನ ಅಂಚಿನಾಚೆಗೆ ಒಯ್ಯಬೇಕು. ಕೊಳವೆ ಕೆಂಡದಂತೆ ಕಾಯುತ್ತದೆ, ಕೆಳಗೆ ಹುಲ್ಲು ಬಿದ್ದಿರಬಾರದು. ಇದಕ್ಕೂ ಅಲಾರಂ ಬೇಕೇ ಬೇಕು.

ಪ್ರಶ್ನೆ: ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಸ್ನೇಹಿತರು ಸೇರಿ ವ್ಯಾನ್ ಮಾಡಿಕೊಂಡು ಲಡಾಖ್‌ಗೆ ಹೋಗಿ ಅದರಲ್ಲೇ ಮಲಗುವವರಿದ್ದೇವೆ. ಕೆಂಡದ ಅಗ್ಗಿಷ್ಟಿಕೆಯನ್ನು ಚೆನ್ನಾಗಿ ಉರಿಸಿ, ಹೊಗೆ ಹೋದ ಮೇಲೆ ಒಳಗೆ ಇಟ್ಟುಕೊಂಡರೆ ಅಪಾಯ ಇಲ್ಲ ಅಲ್ವಾ?

ಉತ್ತರ: ಹೊಗೆ ಹೋದ ಕೆಂಡವೇ ಹೆಚ್ಚು ಅಪಾಯ, ಯಾಕೆಂದರೆ ಹೊಗೆ ಇದ್ದಿದ್ದರೆ ನೀವೇ ಕೆಮ್ಮುತ್ತ ಹೊರಗೆ ಓಡುತ್ತಿದ್ದಿರಿ. ಇದ್ದಿಲು ಕೊನೆಯ ತನಕ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ಬೂದಿ ಮುಚ್ಚಿದ ಮೇಲೂ. ಉತ್ತರ ಭಾರತದಲ್ಲಿ ಚಳಿಗಾಲದ ಸುದ್ದಿ ನೋಡಿ, ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿ ಸತ್ತವರ ಸುದ್ದಿ ಇದ್ದೇ ಇರುತ್ತದೆ. ನಮ್ಮೂರಲ್ಲೂ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ವಾಪಸ್ ಬರದೇ ಇದ್ದದ್ದು ಇದೇ ಅನಿಲದಿಂದ. ಇಂಜಿನ್ ಚಾಲೂ ಇಟ್ಟು ಮಲಗುವುದೂ ಬೇಡ, ಸೈಲೆನ್ಸರ್‌ಗೆ ಹಿಮ ಅಡ್ಡ ಬಂದರೆ ಹೊಗೆ ಒಳಗೇ ಬರುತ್ತದೆ. ಮೇಲೆ ಹಾಸಿಗೆ, ಬಿಸಿನೀರಿನ ಬಗ್ಗೆ ಬರೆದದ್ದೆಲ್ಲ ನಿಮಗೂ ಅನ್ವಯ. ಬ್ಯೂಟೇನ್ ಡಬ್ಬಿ ಸ್ಟೋವ್ ಒಯ್ಯುತ್ತಿದ್ದರೆ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಬೆಳಿಗ್ಗೆ ಚಹಾ ಆಗುವುದಿಲ್ಲ. ಪ್ರೊಪೇನ್ ಬೆರೆತ ಡಬ್ಬಿ ಹುಡುಕಿ.

ಪ್ರಶ್ನೆ: (ಮತ್ತೆ ಕೊಲೊರಾಡೊದವರೇ, ಈ ಸಲ ಮಗಳು ಬರೆದಿದ್ದು) ನಮ್ಮ ಕುದುರೆಗಳಿಗೆ ರಾತ್ರಿ ಚಳಿಯಾಗುವುದಿಲ್ವಾ? ಅವನ್ನೂ ಟ್ರೇಲರ್ ಒಳಗೇ ಹಿಂದೆ ನಿಲ್ಲಿಸಿದರೆ ಅವುಗಳ ಬಿಸಿ ನಮಗೂ ಸಿಗುತ್ತೆ ಅಂತ ನನ್ನ ಐಡಿಯಾ.

ಉತ್ತರ: ಐಡಿಯಾ ಚೆನ್ನಾಗಿದೆ ಪುಟ್ಟಾ, ಕುದುರೆ ಸುಮ್ಮನೆ ನಿಂತಿದ್ದರೂ ನೂರಾರು ವಾಟ್ ಬಿಸಿ ಬಿಡುತ್ತದೆ. ಆದರೆ ಅದರಲ್ಲಿ ನಿಮ್ಮ ಕೋಣೆಗೆ ಬರುವುದು ತೀರಾ ಕಡಿಮೆ. ವೆಂಟ್ ಮುಚ್ಚಿದರೆ ಮೂತ್ರದ ಅಮೋನಿಯಾ, ಉಸಿರಿನ ತೇವ ಎರಡೂ ಒಳಗೇ ತುಂಬಿ ಅವುಗಳ ಶ್ವಾಸಕೋಶ ಕೆಡುತ್ತದೆ. ಚಳಿಗೂದಲು ಬಂದು ಮೈ ಒಣಗಿರುವ ಕುದುರೆ ಮೈನಸ್ 8 ಡಿಗ್ರಿಯ ತನಕ ಆರಾಮವಾಗಿ ಇರುತ್ತದೆ. ಕೂದಲು ಕತ್ತರಿಸಿದ್ದರೆ ಅಥವಾ ಮೈ ನೆನೆದಿದ್ದರೆ 5 ಡಿಗ್ರಿಗೇ ಅದಕ್ಕೆ ಚಳಿ. ಅಕ್ಟೋಬರ್‌ನಲ್ಲಿ ಕೂದಲು ಪೂರ್ತಿ ಬಂದಿರುವುದಿಲ್ಲ, ಅದಕ್ಕೇ ಮಳೆ ತಡೆಯುವ ಹೊದಿಕೆ ಒಂದೊಂದು ಒಯ್ಯಿರಿ, ಬೆವರು ಪೂರ್ತಿ ಆರಿದ ಮೇಲೇ ಹಾಕಿ. ಅವುಗಳ ನಿಜವಾದ ಹೀಟರ್ ಹೊಟ್ಟೆಯಲ್ಲಿದೆ. ಒಣಹುಲ್ಲಿನ ನಾರು ದೊಡ್ಡ ಕರುಳಿನಲ್ಲಿ ಹುಳಿಯುವಾಗ ಬಿಸಿ ಹುಟ್ಟುತ್ತದೆ. ಹಾಗಾಗಿ ಮಲಗುವ ಮುಂಚೆ ಕಾಳು ಹಾಕುವುದಕ್ಕಿಂತ ಹುಲ್ಲು ಜಾಸ್ತಿ ಹಾಕಿ. ಕೊಲೊರಾಡೊದ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜ ಇಲ್ಲ ಅಂತ ಪ್ರಮಾಣೀಕರಿಸಿದ ಹುಲ್ಲನ್ನೇ ಒಯ್ಯಬೇಕೆಂಬ ನಿಯಮ ಇದೆ, ಅಮ್ಮನಿಗೆ ನೆನಪಿಸು. ಬಕೆಟ್ ನೀರು ಹೆಪ್ಪುಗಟ್ಟಿದ್ದರೆ ಬೆಳಿಗ್ಗೆ ಮೊದಲು ಅದನ್ನು ಒಡೆದು ಕುಡಿಸು, ನೀರು ಕಡಿಮೆ ಕುಡಿದರೆ ಹೊಟ್ಟೆನೋವು ಬರುತ್ತದೆ. ಎರಡು ಮರಗಳ ನಡುವೆ ಎತ್ತರದಲ್ಲಿ ಹಗ್ಗ ಬಿಗಿದು ಅದಕ್ಕೆ ಕಟ್ಟಿ. ಟ್ರೇಲರ್‌ಗೇ ಕಟ್ಟಿದರೆ ರಾತ್ರಿಯಿಡೀ ಮೈ ಉಜ್ಜುತ್ತ ಗಾಡಿ ಅಲ್ಲಾಡಿಸುತ್ತವೆ, ಎಷ್ಟೇ ಬೆಚ್ಚಗಿದ್ದರೂ ನಿಮಗೆ ನಿದ್ದೆ ಬರುವುದಿಲ್ಲ.